ರಿಪೋರ್ಟಿಗಿಂತ ಮೊದಲು ತಾರೀಖು ಹೇಳಿ

ಸ್ತ್ರೀ ಆರೋಗ್ಯ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಮುಟ್ಟು ಮತ್ತು ಹಾರ್ಮೋನುಗಳ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹೆಸರುಗಳನ್ನು ಬಿಟ್ಟು ಊರುಗಳನ್ನಷ್ಟೇ ಉಳಿಸಿದೆ. ಬಹುತೇಕ ಪತ್ರಗಳ ಜೊತೆ ಸ್ಕ್ಯಾನಿಂಗ್ ವರದಿಯೋ ರಕ್ತಪರೀಕ್ಷೆಯ ಫೋಟೊವೋ ಇತ್ತು. ಕಳೆದ ಸಲ ಮುಟ್ಟು ಯಾವ ತಾರೀಖಿಗೆ ಬಂತು ಎಂಬುದನ್ನು ಬರೆದವರು ಮಾತ್ರ ಕಡಿಮೆ. ಆ ತಾರೀಖಿಲ್ಲದೆ ಅಂಡಾಶಯದ ಹಾರ್ಮೋನುಗಳ ಅಂಕಿಗಳನ್ನು ಓದಿ ಅರ್ಥ ಹೇಳುವುದು ಯಾವ ವೈದ್ಯರಿಗೂ ಆಗದ ಕೆಲಸ.

ಪ್ರಶ್ನೆ: ನನ್ನ ಮಗಳಿಗೆ ಹದಿನಾಲ್ಕು ವರ್ಷ. ಮೈನೆರೆದು ಒಂದೂವರೆ ವರ್ಷವಾಯಿತು. ಒಂದು ಸಲ 32 ದಿನಕ್ಕೆ, ಇನ್ನೊಂದು ಸಲ 43 ದಿನಕ್ಕೆ ಮುಟ್ಟಾಗುತ್ತಾಳೆ. ಈಚೆಗೆ ಒಮ್ಮೆ ಎರಡು ತಿಂಗಳು ಬರಲೇ ಇಲ್ಲ. ಸ್ಕ್ಯಾನಿಂಗ್ ಮಾಡಿಸಿದರೆ ಎರಡೂ ಕಡೆ ಪಿಸಿಓಡಿ ಇದೆ ಎಂದು ಬರೆದಿದ್ದಾರೆ. ಈಗಿನಿಂದಲೇ ಮಾತ್ರೆ ಶುರು ಮಾಡದಿದ್ದರೆ ಮುಂದೆ ಮಕ್ಕಳಾಗುವುದು ಕಷ್ಟ ಎಂದು ನಮ್ಮ ನಾದಿನಿ ಹೇಳುತ್ತಾರೆ. ಏನು ಮಾಡುವುದು ಮೇಡಂ?
(ಶಿರಾ)

ಉತ್ತರ: ನೀವು ಬರೆದಿರುವ ವಿವರಗಳಷ್ಟನ್ನೇ ನೋಡಿದರೆ ನಿಮ್ಮ ಮಗಳಿಗೆ ಈಗ ಮಾತ್ರೆ ಬೇಕಾಗಿರುವಂತೆ ಕಾಣುವುದಿಲ್ಲ. ಯಾಕೆ ಬೇಡ ಎಂಬುದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಮುಂದಿನ ಉತ್ತರಗಳಿಗೂ ಇದೇ ಆಧಾರ.

ಮುಟ್ಟು ಬಂದ ಮೊದಲ ದಿನವನ್ನು ಚಕ್ರದ ಮೊದಲ ದಿನವೆಂದು ಎಣಿಸುತ್ತೇವೆ. ಬಟ್ಟೆಗೆ ಒಂದೆರಡು ಹನಿ ಕಂಡ ದಿನ ಲೆಕ್ಕಕ್ಕಿಲ್ಲ. ಪ್ಯಾಡ್ ಇಡಲೇಬೇಕಾದಷ್ಟು ಸ್ರಾವವಾದ ದಿನವೇ ಒಂದನೆಯ ದಿನ. ಆ ಹೊತ್ತಿಗೆ ಮಿದುಳಿನ ತಳದಲ್ಲಿರುವ ಹೈಪೋಥಲಮಸ್, ಗಂಟೆ ಒಂದೂವರೆ ಗಂಟೆಗೊಮ್ಮೆ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕಳುಹಿಸುತ್ತಿರುತ್ತದೆ. ಪಿಟ್ಯುಟರಿಯಿಂದ ಹೊರಡುವ ಎಫ್‌ಎಸ್‌ಎಚ್ ಎಂಬ ಹಾರ್ಮೋನು ಅಂಡಾಶಯದಲ್ಲಿರುವ ಸಣ್ಣ ಸಣ್ಣ ಕೋಶಕಗಳನ್ನು (ಅಂಡಾಣು ಇರುವ ಚೀಲಗಳನ್ನು) ಬೆಳೆಸುತ್ತದೆ, ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಮುಂದೆ ಹೋಗುತ್ತದೆ, ಉಳಿದವು ಒಣಗುತ್ತವೆ. ಬೆಳೆಯುವ ಕೋಶಕವು ಈಸ್ಟ್ರೋಜನ್ ತಯಾರಿಸುತ್ತದೆ. ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಈಸ್ಟ್ರೋಜನ್ ಒಂದು ಮಟ್ಟಕ್ಕೇರಿ ಅಲ್ಲಿಯೇ ಕೆಲಕಾಲ ನಿಂತಾಗ ಪಿಟ್ಯುಟರಿಯು ಎಲ್‌ಎಚ್ ಎಂಬ ಹಾರ್ಮೋನನ್ನು ಒಮ್ಮೆಲೇ ಸುರಿಸುತ್ತದೆ, ಅದಾದ ಸುಮಾರು 36 ಗಂಟೆಯೊಳಗೆ ಅಂಡಾಣು ಹೊರಬರುತ್ತದೆ. ಅಂಡಾಣು ಹೋದ ಮೇಲೆ ಅಲ್ಲಿ ಉಳಿದ ಖಾಲಿ ಕೋಶಕವು ಪ್ರೊಜೆಸ್ಟರಾನ್ ತಯಾರಿಸತೊಡಗುತ್ತದೆ. ಗರ್ಭ ನಿಲ್ಲದಿದ್ದರೆ ಎರಡು ವಾರಗಳ ಆಸುಪಾಸಿನಲ್ಲಿ ಅದರ ಆಯುಷ್ಯ ಮುಗಿಯುತ್ತದೆ, ಪ್ರೊಜೆಸ್ಟರಾನ್ ಇಳಿಯುತ್ತದೆ, ಒಳಪದರ ಕಳಚಿ ಮುಟ್ಟಾಗುತ್ತದೆ.

ಇದರಲ್ಲಿ ಗಮನಿಸಬೇಕಾದ ಸಂಗತಿ ಎಂದರೆ, ಅಂಡಾಣು ಬಂದ ನಂತರದ ಅವಧಿ ಹೆಚ್ಚುಕಡಿಮೆ 12ರಿಂದ 14 ದಿನಗಳಾಗಿಯೇ ಇರುತ್ತದೆ. ಹಿಗ್ಗುವುದು ಕುಗ್ಗುವುದು ಅದಕ್ಕಿಂತ ಮೊದಲಿನ ಅವಧಿ. ಹಾಗಾಗಿ ಮುಟ್ಟು ತಡವಾಯಿತು ಎಂದರೆ ಅಂಡಾಣು ತಡವಾಗಿ ಬಂದಿದೆ, ಇಲ್ಲವೇ ಆ ಸಲ ಬಂದೇ ಇಲ್ಲ ಎಂದರ್ಥ. ಈಗಷ್ಟೇ ಮೈನೆರೆದ ಹುಡುಗಿಯರಲ್ಲಿ, ಈಸ್ಟ್ರೋಜನ್ ಏರಿದ್ದನ್ನು ಗುರುತಿಸಿ ಎಲ್‌ಎಚ್ ಸುರಿಸುವ ಈ ವ್ಯವಸ್ಥೆ ಪಕ್ವವಾಗುವುದಕ್ಕೆ ಎರಡು ಮೂರು ವರ್ಷ ಬೇಕಾಗಬಹುದು. ಮೊದಲ ವರ್ಷದಲ್ಲಿ ಮುಟ್ಟು ಹಿಂದುಮುಂದಾಗುವುದು ಸಹಜ. ಒಂದರಿಂದ ಮೂರು ವರ್ಷದವರೆಗೆ 21ರಿಂದ 45 ದಿನಗಳ ಅಂತರವನ್ನು ಸರಿಯೆಂದೇ ಪರಿಗಣಿಸುತ್ತೇವೆ. ಮೂರು ವರ್ಷ ಕಳೆದ ಮೇಲೆ 21ರಿಂದ 35 ದಿನ. ನಿಮ್ಮ ಮಗಳ 32, 43 ಎರಡೂ ಈ ಮಿತಿಯೊಳಗಿವೆ. ಎರಡು ತಿಂಗಳ ಒಂದು ಅಂತರ ಮಿತಿಯನ್ನು ದಾಟಿದ್ದರೂ ಒಮ್ಮೆ ಮಾತ್ರ ಆಗಿರುವುದರಿಂದ ಕಾದು ನೋಡಬಹುದು. ಮೊದಲ ವರ್ಷ ದಾಟಿದ ಮೇಲೆ ಯಾವುದೇ ಒಂದು ಅಂತರ 90 ದಿನ ಮೀರಿದರೆ ಮಾತ್ರ ಕಾಯದೆ ತೋರಿಸಬೇಕು.

ಇನ್ನು ಸ್ಕ್ಯಾನಿಂಗ್ ವರದಿಯ ಮಾತು. ಈ ವಯಸ್ಸಿನ ಹುಡುಗಿಯರ ಅಂಡಾಶಯದಲ್ಲಿ ಸಣ್ಣ ಕೋಶಕಗಳು ತುಂಬ ಇರುವುದೇ ಸಾಮಾನ್ಯ. ಅವು ಗಡ್ಡೆಗಳಲ್ಲ. ಪಿಸಿಓಎಸ್ (ನಿಮ್ಮ ವರದಿಯಲ್ಲಿ ಪಿಸಿಓಡಿ ಎಂದು ಬರೆದಿರುವುದು ಇದನ್ನೇ; ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಸರಿಯಾಗಿ ಬಾರದ ತೊಂದರೆ) ಕುರಿತ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಮೈನೆರೆದ ಎಂಟು ವರ್ಷಗಳವರೆಗೆ ಸ್ಕ್ಯಾನಿಂಗ್ ಚಿತ್ರವನ್ನು ಆಧರಿಸಿ ಈ ರೋಗವೆಂದು ಹೇಳುವಂತಿಲ್ಲ. ನಿಮ್ಮ ಮಗಳಲ್ಲಿ ನೋಡಬೇಕಾದದ್ದು ಬೇರೆ: ಗಲ್ಲದ ಮೇಲೆ, ಹೊಟ್ಟೆಯ ಕೆಳಗೆ ದಟ್ಟ ಕೂದಲು ಬರುತ್ತಿದೆಯೇ, ಮೊಡವೆ ಯಾವ ಔಷಧಕ್ಕೂ ಬಗ್ಗುತ್ತಿಲ್ಲವೇ, ಕತ್ತಿನ ಹಿಂಭಾಗದ ಚರ್ಮ ಕಪ್ಪಾಗಿ ಮಖಮಲ್ಲಿನ ಹಾಗೆ ದಪ್ಪಗಾಗಿದೆಯೇ, ತೂಕ ಬೇಗ ಬೇಗ ಏರುತ್ತಿದೆಯೇ. ಕತ್ತಿನ ಆ ಕಪ್ಪನ್ನು ಕೊಳೆಯೆಂದು ತಿಳಿದು ತಾಯಂದಿರು ಉಜ್ಜಿ ಉಜ್ಜಿ ಗಾಯ ಮಾಡಿರುವುದನ್ನು ನಾನು ಕಂಡಿದ್ದೇನೆ. ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು, ಸೋಪಿಗೆ ಹೋಗುವಂಥದ್ದಲ್ಲ. ಇವು ಯಾವುವೂ ಇಲ್ಲದಿದ್ದರೆ ಒಂದು ನೋಟ್‌ಬುಕ್ಕಿನಲ್ಲಿ ಅವಳೇ ತಾರೀಖುಗಳನ್ನು ಬರೆದಿಡಲಿ, ಆರು ತಿಂಗಳ ನಂತರ ಅದನ್ನು ಹಿಡಿದು ಬನ್ನಿ. ಇದ್ದರೆ ಈಗಲೇ ತೋರಿಸಿ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹ ಕ್ಲಿನಿಕ್‌ನಲ್ಲಿ ಈ ವಿಷಯವನ್ನು ಅವಳು ಸಂಕೋಚವಿಲ್ಲದೆ ಕೇಳಬಹುದು.

ಚಿಗಳಿ, ಕೊಬ್ಬರಿ ಬೆಲ್ಲ ಕೊಡುವುದನ್ನು ಮುಂದುವರಿಸಲೇ ಎಂದೂ ಕೇಳಿದ್ದೀರಿ. ಎಳ್ಳು ಬೆಲ್ಲ ಒಳ್ಳೆಯ ಆಹಾರವೇ, ಧಾರಾಳವಾಗಿ ಕೊಡಿ. ಮುಟ್ಟನ್ನು ದಿನಕ್ಕೆ ಸರಿಯಾಗಿ ತರಿಸುವ ಔಷಧವೆಂದು ಮಾತ್ರ ಕೊಡಬೇಡಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ, ವಯಸ್ಸು 21, ಹಾಸ್ಟೆಲಿನಲ್ಲಿದ್ದೇನೆ. ಕೂದಲು ಉದುರುತ್ತಿದೆ ಎಂದು ಸ್ನೇಹಿತೆಯರೊಂದಿಗೆ ಲ್ಯಾಬ್ ಒಂದರಲ್ಲಿ ಹಾರ್ಮೋನ್ ಪ್ಯಾಕೇಜ್ ಮಾಡಿಸಿದೆ. 21ನೇ ದಿನ ಪ್ರೊಜೆಸ್ಟರಾನ್ 0.6 ಬಂದಿದೆ, ತುಂಬ ಕಡಿಮೆ, ಅಂಡಾಣು ಬರುತ್ತಿಲ್ಲ ಎಂದರು. ಮೇ 14ಕ್ಕೆ ಮುಟ್ಟಾಗಿದ್ದೆ, ಜೂನ್ 3ಕ್ಕೆ ರಕ್ತ ಕೊಟ್ಟೆ, ಮತ್ತೆ ಜೂನ್ 19ಕ್ಕೆ ಮುಟ್ಟಾದೆ. ನನಗೆ ಯಾವಾಗಲೂ 35-36 ದಿನಕ್ಕೇ ಬರುವುದು. ಇದು ಹಾರ್ಮೋನ್ ಇಂಬ್ಯಾಲೆನ್ಸ್ ತಾನೇ?
(ತುಮಕೂರು)

ಉತ್ತರ: ಮೂರು ತಾರೀಖುಗಳನ್ನೂ ಬರೆದಿದ್ದೀರಿ, ಉತ್ತರ ಅವುಗಳಲ್ಲಿಯೇ ಇದೆ. ಮುಂದಿನ ಮುಟ್ಟು ಬಂದದ್ದು ಜೂನ್ 19ಕ್ಕೆ. ಅಲ್ಲಿಂದ 14 ದಿನ ಹಿಂದಕ್ಕೆ ಎಣಿಸಿದರೆ ಜೂನ್ 5. ಅಂದರೆ ಅಂಡಾಣು ಬರುವ ಅಂದಾಜು ದಿನಕ್ಕೆ ಎರಡು ದಿನ ಮೊದಲೇ ನೀವು ರಕ್ತ ಕೊಟ್ಟಿದ್ದೀರಿ. ಅಂಡಾಣು ಬರುವ ಮೊದಲು ಪ್ರೊಜೆಸ್ಟರಾನ್ ಕಡಿಮೆಯೇ ಇರಬೇಕು, 0.6 ಎಂಬುದು ಆ ದಿನಕ್ಕೆ ತಕ್ಕ ಅಂಕಿಯೇ ಆಗಿದೆ. 21ನೇ ದಿನದ ಪರೀಕ್ಷೆ ಎಂಬ ಮಾತು ಹುಟ್ಟಿದ್ದು 28 ದಿನಗಳ ಚಕ್ರವನ್ನು ಮನಸ್ಸಿನಲ್ಲಿಟ್ಟುಕೊಂಡು. ನಿಜವಾಗಿ ಅದು ಮುಂದಿನ ಮುಟ್ಟಿಗೆ ಏಳು ದಿನ ಮುಂಚಿನ ಪರೀಕ್ಷೆ. ನಿಮ್ಮ ಲೆಕ್ಕದಲ್ಲಿ ಅದು ಜೂನ್ 12ರ ಆಸುಪಾಸಿಗೆ ಬೀಳುತ್ತಿತ್ತು. ಆ ದಿನ ಪ್ರೊಜೆಸ್ಟರಾನ್ ಮಿಲಿಲೀಟರಿಗೆ 3 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಅಂಡಾಣು ಬಿಡುಗಡೆಯಾಗಿದೆ ಎಂದು ಹೇಳಬಹುದಿತ್ತು.

ನೀವು ಕಳುಹಿಸಿದ ವರದಿಯ ಹಾಳೆಯನ್ನೇ ಮತ್ತೊಮ್ಮೆ ನೋಡಿ. ಪ್ರೊಜೆಸ್ಟರಾನ್ ಎಂಬ ಸಾಲಿನ ಬಲಗಡೆ ಒಂದರ ಕೆಳಗೊಂದು ನಾಲ್ಕು ಮಿತಿಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ: ಚಕ್ರದ ಮೊದಲ ಅರ್ಧಕ್ಕೆ ಒಂದು, ಅಂಡಾಣು ಬರುವ ಹೊತ್ತಿಗೆ ಒಂದು, ಎರಡನೆಯ ಅರ್ಧಕ್ಕೆ ಒಂದು, ಮುಟ್ಟು ನಿಂತವರಿಗೆ ಒಂದು. ನಿಮ್ಮ ಅಂಕಿಯನ್ನು ಮೂರನೆಯ ಸಾಲಿನೊಂದಿಗೆ ಹೋಲಿಸಿ ಯಾರೋ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಾರೆ, ಹೋಲಿಸಬೇಕಾಗಿದ್ದದ್ದು ಮೊದಲನೆಯದರೊಂದಿಗೆ. ಹಾಳೆಯ ಮೇಲ್ಭಾಗದಲ್ಲಿ ಕೊನೆಯ ಮುಟ್ಟಿನ ದಿನ ಎಂದು ಬಿಟ್ಟಿರುವ ಜಾಗ ಖಾಲಿ ಇದೆ.

ಪ್ಯಾಕೇಜಿನಲ್ಲಿ ಎಲ್ಲವನ್ನೂ ಒಂದೇ ದಿನ ತೆಗೆಯುವುದೇ ಅಸಂಬದ್ಧವೆಂದು ನನ್ನ ಅಭಿಪ್ರಾಯ. ಎಫ್‌ಎಸ್‌ಎಚ್, ಎಲ್‌ಎಚ್, ಈಸ್ಟ್ರಡಿಯೋಲ್‌ಗಳನ್ನು ಮುಟ್ಟಿನ ಎರಡರಿಂದ ಐದನೆಯ ದಿನದೊಳಗೆ ನೋಡಬೇಕು. 21ನೇ ದಿನದ ಆ ಅಂಕಿಗಳಿಗೆ ಬೆಲೆ ಕಡಿಮೆ. ಥೈರಾಯ್ಡಿನ ಟಿಎಸ್‌ಎಚ್ ಮತ್ತು ಅಂಡಾಶಯದ ಕೋಶಕಗಳ ಅಂದಾಜು ಕೊಡುವ ಎಎಂಎಚ್ ಯಾವ ದಿನವಾದರೂ ಸರಿ. ಎದೆಹಾಲು ಬರಿಸುವ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಮಾತ್ರ ಬಹಳ ಸೂಕ್ಷ್ಮ, ಓಡೋಡಿ ಬಂದು ರಕ್ತ ಕೊಟ್ಟರೂ ಸೂಜಿಗೆ ಹೆದರಿದರೂ ಅದು ಏರುತ್ತದೆ. ನಿಮ್ಮ ವರದಿಯಲ್ಲಿ ಅದು ಮಿತಿಗಿಂತ ಒಂದಿಷ್ಟು ಹೆಚ್ಚಿರುವುದಕ್ಕೆ ಗಾಬರಿಯಾಗದೆ, ಬೆಳಿಗ್ಗೆ ಅರ್ಧ ಗಂಟೆ ಸುಮ್ಮನೆ ಕುಳಿತು ಇನ್ನೊಮ್ಮೆ ಕೊಡಿ. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದೀರೆಂದೂ ಬರೆದಿದ್ದೀರಿ. ಹೆಚ್ಚು ಪ್ರಮಾಣದ ಬಯೋಟಿನ್ ಹಲವು ಯಂತ್ರಗಳಲ್ಲಿ ಥೈರಾಯ್ಡಿನ ಅಂಕಿಗಳನ್ನು ಸುಳ್ಳು ಮಾಡುತ್ತದೆ. ಪರೀಕ್ಷೆಗೆ ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ.

35-36 ದಿನಗಳ ಚಕ್ರ ಮಿತಿಯ ಅಂಚಿನಲ್ಲಿದೆ, ನಿಜ. ಆದರೆ ಅದು ತಿಂಗಳಿಂದ ತಿಂಗಳಿಗೆ ಅಷ್ಟೇ ಇದೆ. ಹಾಗೆ ಒಂದೇ ಗತಿಯಲ್ಲಿ ಬರುವ ಮುಟ್ಟಿನ ಹಿಂದೆ ಸಾಮಾನ್ಯವಾಗಿ ಅಂಡಾಣು ಬಂದಿರುತ್ತದೆ. ಕೂದಲು ಉದುರುವುದಕ್ಕೆ ನಿಮ್ಮ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿರುವ ಕಬ್ಬಿಣದ ದಾಸ್ತಾನು) ಮತ್ತು ಟಿಎಸ್‌ಎಚ್ ನೋಡಿಸಿದ್ದರೆ ಸಾಕಾಗಿತ್ತು.

ಪ್ರಶ್ನೆ: ಮನೆಯಲ್ಲಿ ಪೂಜೆ, ಮದುವೆ, ದಂಡಿನ ಮಾರಮ್ಮನ ಜಾತ್ರೆ ಹೀಗೆ ವರ್ಷದಲ್ಲಿ ನಾಲ್ಕೈದು ಸಲ ಮುಟ್ಟು ಮುಂದಕ್ಕೆ ಹೋಗುವ ಮಾತ್ರೆ ತೆಗೆದುಕೊಳ್ಳುತ್ತೇನೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಕೊಡುತ್ತಾರೆ. ಇದರಿಂದ ಗರ್ಭಕೋಶಕ್ಕೆ ತೊಂದರೆಯೇ?
(ಮಧುಗಿರಿ)

ಉತ್ತರ: ನೀವು ಹೇಳುತ್ತಿರುವುದು ನೊರೆಥಿಸ್ಟರಾನ್ ಎಂಬ ಮಾತ್ರೆ, ಪ್ರೊಜೆಸ್ಟರಾನಿನ ಹಾಗೆ ಕೆಲಸ ಮಾಡುವಂಥದ್ದು. ಮುಟ್ಟಿನ ನಿರೀಕ್ಷಿತ ದಿನಕ್ಕೆ ಮೂರು ದಿನ ಮೊದಲು ಶುರು ಮಾಡಿದರೆ ಒಳಪದರ ಕಳಚದೆ ನಿಲ್ಲುತ್ತದೆ, ಮಾತ್ರೆ ಬಿಟ್ಟ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಆರೋಗ್ಯವಂತರು ಅಪರೂಪಕ್ಕೊಮ್ಮೆ ತೆಗೆದುಕೊಂಡರೆ ಗರ್ಭಕೋಶ ಹಾಳಾಗುವುದಿಲ್ಲ. ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಲಿವರ್ ಕಾಯಿಲೆಯವರು, ಸ್ತನ ಕ್ಯಾನ್ಸರ್ ಆಗಿದ್ದವರು, ಕಾರಣ ತಿಳಿಯದ ರಕ್ತಸ್ರಾವವಿರುವವರು ಇದನ್ನು ಮುಟ್ಟಲೇಬಾರದು. ಅಂಗಡಿಯಲ್ಲಿ ಈ ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ವೈದ್ಯರ ಚೀಟಿ ಬೇಕೆನ್ನುವುದು ಅದಕ್ಕಾಗಿ. ಗರ್ಭಿಣಿಯಲ್ಲವೆಂದೂ ಮೊದಲು ಖಚಿತವಾಗಿರಬೇಕು, ಇದು ಗರ್ಭನಿರೋಧಕವೂ ಅಲ್ಲ. ನಾಲ್ಕೈದು ಸಲ ತೆಗೆದುಕೊಂಡರೆ ಆಗುವ ಇನ್ನೊಂದು ನಷ್ಟವೆಂದರೆ ನಿಮ್ಮ ಸಹಜ ಚಕ್ರ ಎಷ್ಟು ದಿನದ್ದು ಎಂಬುದೇ ನಿಮಗೆ ಗೊತ್ತಾಗದೆ ಹೋಗುತ್ತದೆ. ಮನೆಯ ಆಚಾರದ ವಿಷಯದಲ್ಲಿ ನಾನು ಬಾಯಿ ಹಾಕುವುದಿಲ್ಲ, ಆದರೂ ಜಾತ್ರೆಗೆ ಬಂದ ನೆಂಟರ ಅಡುಗೆಯನ್ನೆಲ್ಲ ಮಾಡುವ ಹೆಂಗಸೇ ಮಾತ್ರೆಯನ್ನೂ ನುಂಗಬೇಕು ಎಂಬುದು ನನಗೆ ಸರಿ ಕಾಣುವುದಿಲ್ಲ.

ಪ್ರಶ್ನೆ: ನನಗೆ 24 ವರ್ಷ. ನರಸಾಪುರದ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಕೆಲಸ, ವಾರ ಬಿಟ್ಟು ವಾರ ನೈಟ್ ಶಿಫ್ಟ್. ಸೇರಿದ ಮೇಲೆ ತೂಕ 52ರಿಂದ 44 ಕೆ.ಜಿ.ಗೆ ಇಳಿದಿದೆ, ಎತ್ತರ 158 ಸೆಂ.ಮೀ. ಮೂರೂವರೆ ತಿಂಗಳಿಂದ ಮುಟ್ಟಾಗಿಲ್ಲ. ನೋವಿಲ್ಲ, ಆರಾಮಾಗಿಯೇ ಇದ್ದೇನೆ. ನೈಟ್ ಶಿಫ್ಟಿನ ಉಷ್ಣಕ್ಕೆ ಹೀಗಾಗುತ್ತದೆ ಎನ್ನುತ್ತಾರೆ, ನಿಜವೇ?
(ಕೋಲಾರ)

ಉತ್ತರ: ಮುಟ್ಟು ನಿಂತಾಗ ಮೊದಲ ಪರೀಕ್ಷೆ ಗರ್ಭಧಾರಣೆಯದು, ಮದುವೆಯಾಗಿರಲಿ ಆಗದಿರಲಿ ಎಲ್ಲರಿಗೂ ಹೀಗೇ ಹೇಳುತ್ತೇವೆ, ತಪ್ಪು ತಿಳಿಯಬೇಡಿ. ಅದು ಇಲ್ಲವೆಂದಾದರೆ ನನ್ನ ಅನುಮಾನ ಶಿಫ್ಟಿಗಿಂತ ಹೆಚ್ಚಾಗಿ ನಿಮ್ಮ ತೂಕದ ಮೇಲೆ ಹೋಗುತ್ತದೆ. ನಿಮ್ಮ ಬಿಎಂಐ, ಎಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಂಕಿ, ಈಗ 17.6, 18.5ಕ್ಕಿಂತ ಕಡಿಮೆಯಾದರೆ ತೂಕ ಸಾಲದು ಎನ್ನುತ್ತೇವೆ. ದುಡಿಯುವಷ್ಟು ಅನ್ನ ಹೊಟ್ಟೆಗೆ ಬೀಳದಿದ್ದಾಗ ಹೈಪೋಥಲಮಸ್ ತನ್ನ ಸೂಚನೆಗಳನ್ನು ವಿರಳ ಮಾಡುತ್ತದೆ, ಕೋಶಕ ಬೆಳೆಯುವುದಿಲ್ಲ, ಈಸ್ಟ್ರೋಜನ್ ತಯಾರಾಗುವುದಿಲ್ಲ. ಬಸ್ಸು ಹತ್ತುವ ಅವಸರದಲ್ಲಿ ಊಟ ಬಿಡುವುದು, ರಾತ್ರಿಯಿಡೀ ಟೀ ಬಿಸ್ಕತ್ತಿನಲ್ಲಿ ಕಳೆಯುವುದು, ಬೆಳಿಗ್ಗೆ ಬಂದು ತಿನ್ನದೆ ಮಲಗುವುದು, ಇವು ನಿಮ್ಮ ದಿನಚರಿಯಲ್ಲಿದ್ದರೆ ಕಾರಣ ಅಲ್ಲಿಯೇ ಇದೆ. ಪಾಳಿ ಬದಲಾಗುವ ಕೆಲಸದವರಲ್ಲಿ ಮುಟ್ಟು ಏರುಪೇರಾಗುವುದು ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ, ನಿದ್ದೆ ಕೆಟ್ಟಾಗ ಹಾರ್ಮೋನುಗಳ ಹೊತ್ತುಗೊತ್ತು ತಪ್ಪುತ್ತದೆ. ಉಷ್ಣ ಎಂಬ ಮಾತನ್ನು ಇದಕ್ಕೆ ತಂದು ಹಚ್ಚಬೇಕಾಗಿಲ್ಲ.

ನೋವಿಲ್ಲ, ಆರಾಮಾಗಿದ್ದೇನೆ ಎಂದಿದ್ದೀರಿ; ನನಗೆ ಚಿಂತೆಯಾಗುವುದು ಅದಕ್ಕೇ. ಈಸ್ಟ್ರೋಜನ್ ಇಲ್ಲದ ತಿಂಗಳುಗಳಲ್ಲಿ ಮೂಳೆ ಸವೆಯುವಾಗ ಯಾವ ನೋವೂ ಇರುವುದಿಲ್ಲ, ಅದೂ ಮೂಳೆ ಗಟ್ಟಿಯಾಗಬೇಕಾದ ಇಪ್ಪತ್ತರ ಹರೆಯದಲ್ಲಿ. ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, ಎಫ್‌ಎಸ್‌ಎಚ್, ಈಸ್ಟ್ರಡಿಯೋಲ್ ಪರೀಕ್ಷೆಗಳನ್ನು ಮಾಡಿಸಿ, ಇಷ್ಟು ತೂಕ ಇಳಿದಿರುವುದರಿಂದ ಸಕ್ಕರೆ ಮತ್ತು ಕ್ಷಯದ ಪರೀಕ್ಷೆಯನ್ನೂ ವೈದ್ಯರು ಸೂಚಿಸಬಹುದು. ಮುಟ್ಟು ತರಿಸುವ ಮಾತ್ರೆ ನುಂಗಿ ರಕ್ತ ಕಂಡ ಮಾತ್ರಕ್ಕೆ ಸರಿಹೋಯಿತೆಂದು ತಿಳಿಯಬೇಡಿ. ಶಿಫ್ಟಿಗೆ ಹೋಗುವ ಮೊದಲು ಒಂದು ಪೂರ್ತಿ ಊಟ, ನಡುರಾತ್ರಿಯ ವಿರಾಮಕ್ಕೆ ಮೊಟ್ಟೆಯೋ ಕಡಲೆಕಾಯಿಯೋ ಇರುವ ಬುತ್ತಿ, ಮನೆಗೆ ಬಂದು ತಿಂಡಿ ತಿಂದು ಕತ್ತಲು ಮಾಡಿದ ಕೋಣೆಯಲ್ಲಿ ಏಳು ಗಂಟೆ ನಿದ್ದೆ, ಇಷ್ಟನ್ನು ನಡೆಸಿಕೊಂಡು ತೂಕ 47-48ಕ್ಕೆ ಬರಲಿ. ತೂಕ ಮರಳಿದ ಕೆಲವು ತಿಂಗಳಲ್ಲಿ ಮುಟ್ಟೂ ಮರಳುವುದನ್ನು ನಾವು ಸಾಮಾನ್ಯವಾಗಿ ಕಾಣುತ್ತೇವೆ.

ಪ್ರಶ್ನೆ: ದಿನಕ್ಕೆ ಎರಡು ಹೊತ್ತು ರಾಗಿಮುದ್ದೆ, ಸೊಪ್ಪಿನ ಸಾರು ಉಣ್ಣುವವಳು ನಾನು. ಆದರೂ ಹಿಮೋಗ್ಲೋಬಿನ್ 9.4. ಹೇಗೆ ಸಾಧ್ಯ? ಮುಟ್ಟು ಏಳು ದಿನ ಇರುತ್ತದೆ.
(ಚಿಂತಾಮಣಿ)

ಉತ್ತರ: ರಾಗಿಯ ನಿಜವಾದ ಸಂಪತ್ತು ಕ್ಯಾಲ್ಸಿಯಂ, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ. ಕಬ್ಬಿಣ ನಾಲ್ಕು ಮಿಲಿಗ್ರಾಂ ಆಸುಪಾಸು ಮಾತ್ರ, ಅದರಲ್ಲಿಯೂ ರಾಗಿಯ ಫೈಟೇಟ್ ಮತ್ತು ಟ್ಯಾನಿನ್‌ಗಳು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರುವುದು ಅಲ್ಪ. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ದಿನಕ್ಕೆ 29 ಮಿಲಿಗ್ರಾಂ ಕಬ್ಬಿಣ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಮುದ್ದೆ ಉಣ್ಣುವವರೂ ಅದರಲ್ಲಿದ್ದಾರೆ. ಮುದ್ದೆ ಬಿಡಬೇಡಿ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಳ್ಳಿ, ಸೀಬೆಹಣ್ಣು ಅಥವಾ ಬೆಟ್ಟದ ನೆಲ್ಲಿಕಾಯಿ ತಿನ್ನಿ, ಮೊಳಕೆ ಕಟ್ಟಿದ ಹುರುಳಿಯನ್ನು ಬಸ್ಸಾರಿಗೆ ಬಳಸಿ, ಊಟವಾದ ಕೂಡಲೇ ಕುಡಿಯುವ ಕಾಫಿ ಟೀಗಳನ್ನು ಒಂದು ಗಂಟೆ ಮುಂದಕ್ಕೆ ಹಾಕಿ. ಇಷ್ಟಾದರೂ 9.4 ಎಂಬುದು ಊಟದಿಂದ ಮಾತ್ರ ತುಂಬುವ ಕೊರತೆಯಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೊಡುವ ಕಬ್ಬಿಣದ ಮಾತ್ರೆಯನ್ನು ಶುರು ಮಾಡಿ, ಹಿಮೋಗ್ಲೋಬಿನ್ 12 ದಾಟಿದ ಮೇಲೂ ಮೂರು ತಿಂಗಳು ಮುಂದುವರಿಸಿ. ಮಲ ಕಪ್ಪಾಗುವುದಕ್ಕೆ ಹೆದರಬೇಡಿ. ಥೈರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಎರಡರ ನಡುವೆ ನಾಲ್ಕು ಗಂಟೆ ಅಂತರವಿರಲಿ.

ಏಳು ದಿನ ಎಂಬುದರಿಂದ ನನಗೆ ಹೆಚ್ಚೇನೂ ತಿಳಿಯುವುದಿಲ್ಲ. ಒಂದು ಮುಟ್ಟಿನಲ್ಲಿ ಸಾಮಾನ್ಯವಾಗಿ ಹೋಗುವ ರಕ್ತ 30-40 ಮಿಲಿಲೀಟರ್. 80 ಮೀರಿದರೆ ಅತಿಸ್ರಾವ. ಅಳೆಯುವುದು ಯಾರಿಂದಲೂ ಆಗದು. ಎರಡು ಗಂಟೆಗೆ ಮೊದಲೇ ಪ್ಯಾಡ್ ತುಂಬುತ್ತಿದೆಯೇ, ರಾತ್ರಿ ಎದ್ದು ಬದಲಾಯಿಸಬೇಕೇ, ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬೀಳುತ್ತವೆಯೇ ಎಂದು ಗಮನಿಸಿ. ಹೌದಾದರೆ ಮಾತ್ರೆ ನುಂಗಿ ರಕ್ತ ತುಂಬಿಸುವುದರ ಜೊತೆಗೆ ಅದು ಸೋರುವ ಕಾರಣವನ್ನೂ ಹುಡುಕಬೇಕು.

ಪ್ರಶ್ನೆ: ನನ್ನ ವಯಸ್ಸು 46. ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ನಿಂತು ಮಾಡುವ ಕೆಲಸ. ಒಂದು ವರ್ಷದಿಂದ ಎರಡು ಎರಡೂವರೆ ತಿಂಗಳು ಮುಟ್ಟು ಬರುವುದಿಲ್ಲ, ಬಂದರೆ ಹತ್ತು ಹನ್ನೆರಡು ದಿನ ಗಡ್ಡೆ ಗಡ್ಡೆಯಾಗಿ ಹೋಗುತ್ತದೆ. ಹಿಮೋಗ್ಲೋಬಿನ್ 7.6 ಇದೆಯಂತೆ. ಒಂದು ಆಸ್ಪತ್ರೆಯಲ್ಲಿ ಗರ್ಭಕೋಶ ತೆಗೆಸಿಬಿಡಿ, ಇನ್ನು ಅದರಿಂದ ಏನು ಉಪಯೋಗ ಎಂದರು. ನಮ್ಮ ಓರಗಿತ್ತಿಯೂ ಹಾಗೆಯೇ ತೆಗೆಸಿಕೊಂಡರು. ತೆಗೆಸಲೇ?
(ಶಿಡ್ಲಘಟ್ಟ)

ಉತ್ತರ: ಈಗಲೇ ಬೇಡ. ಮೊದಲು ರಕ್ತದ ಕೊರತೆಗೆ ಚಿಕಿತ್ಸೆಯಾಗಲಿ. ಹಿಮೋಗ್ಲೋಬಿನ್ 8ಕ್ಕಿಂತ ಕಡಿಮೆಯಾದರೆ ತೀವ್ರ ರಕ್ತಹೀನತೆ, ಮಾತ್ರೆಗೆ ಕಾಯದೆ ರಕ್ತನಾಳದ ಮೂಲಕ ಕಬ್ಬಿಣ ಕೊಡಬೇಕಾಗಬಹುದು. ಈ ವಾರವೇ ಆಸ್ಪತ್ರೆಗೆ ಹೋಗಿ. ಗಂಟೆಗೊಂದು ಪ್ಯಾಡ್ ಅಥವಾ ಬಟ್ಟೆ ತುಂಬಿ, ತಲೆ ಸುತ್ತಿ ಕಣ್ಣು ಕತ್ತಲೆ ಬಂದರೆ ಅಂದೇ ಹೋಗಬೇಕು.

ಮುಟ್ಟು ನಿಲ್ಲುವ ಕಾಲ ಹತ್ತಿರವಾದಾಗ ಅಂಡಾಣು ಹಲವು ತಿಂಗಳು ಬರುವುದಿಲ್ಲ. ಅಂಡಾಣು ಬಾರದೆ ಪ್ರೊಜೆಸ್ಟರಾನ್ ಇಲ್ಲ. ಈಸ್ಟ್ರೋಜನ್ ಮಾತ್ರ ಒಳಪದರವನ್ನು ಬೆಳೆಸುತ್ತಲೇ ಹೋಗುತ್ತದೆ. ಒಂದು ವರಸೆ ಆರುವ ಮೊದಲೇ ಮೇಲೆ ಇನ್ನೊಂದು ವರಸೆ ಏರಿಸಿದ ಮಣ್ಣಿನ ಗೋಡೆಯ ಹಾಗೆ ಆ ಪದರ ಒಂದೊಂದು ಕಡೆ ಒಂದೊಂದು ದಿನ ಕುಸಿಯುತ್ತದೆ. ಎರಡು ತಿಂಗಳ ಬಿಡುವು, ಆಮೇಲೆ ಹನ್ನೆರಡು ದಿನದ ಸ್ರಾವ ಎಂದು ನೀವು ಬರೆದಿರುವುದು ಇದಕ್ಕೆ ಹೊಂದುತ್ತದೆ. ಹಾಗೆಂದು ಎಲ್ಲವನ್ನೂ ವಯಸ್ಸಿನ ಮೇಲೆ ಹಾಕಿ ಕೂರುವಂತೆಯೂ ಇಲ್ಲ. ಪ್ರೊಜೆಸ್ಟರಾನಿನ ತಡೆಯಿಲ್ಲದೆ ಬಹುಕಾಲ ಬೆಳೆದ ಪದರದಲ್ಲಿ ಕ್ಯಾನ್ಸರಿನ ಪೂರ್ವಾವಸ್ಥೆ ಹುಟ್ಟಬಹುದು. ಆದ್ದರಿಂದ 45 ದಾಟಿದವರಲ್ಲಿ ಇಂಥ ಸ್ರಾವ ಕಂಡಾಗ ಸ್ಕ್ಯಾನಿಂಗ್ ಜೊತೆಗೆ ಒಳಪದರದ ಚೂರನ್ನು ತೆಗೆದು ಬಯಾಪ್ಸಿ ಮಾಡಲೇಬೇಕು. ಅದು ಸಣ್ಣ ಪರೀಕ್ಷೆ, ಹಲವೆಡೆ ಹೊರರೋಗಿ ವಿಭಾಗದಲ್ಲಿಯೇ ಆಗುತ್ತದೆ. ಟಿಎಸ್‌ಎಚ್ ಕೂಡ ನೋಡಿಸಿ, ಥೈರಾಯ್ಡ್ ಕಡಿಮೆಯಾದಾಗಲೂ ಹೀಗೆ ಹೋಗುತ್ತದೆ. ನಿಮ್ಮ ಪತ್ರದಲ್ಲಿ ಬಯಾಪ್ಸಿಯ ಮಾತೇ ಇಲ್ಲ. ಕಾರಣ ಹುಡುಕುವ ಮೊದಲೇ ಅಂಗವನ್ನು ತೆಗೆಯಲು ಹೇಳಿದ್ದು ಸರಿಯಲ್ಲ.

ಬಯಾಪ್ಸಿಯಲ್ಲಿ ಕೆಟ್ಟದ್ದೇನೂ ಇಲ್ಲವೆಂದಾದರೆ ದಾರಿಗಳು ಹಲವು. ಸ್ರಾವದ ದಿನಗಳಲ್ಲಿ ಮಾತ್ರ ನುಂಗುವ ಟ್ರಾನೆಕ್ಸಾಮಿಕ್ ಆಸಿಡ್ ಇದೆ, ರಕ್ತ ಹೆಪ್ಪುಗಟ್ಟುವ ಕಾಯಿಲೆ ಇದ್ದವರಿಗೆ ಅದು ಆಗದು. ಪ್ರೊಜೆಸ್ಟರಾನ್ ಮಾದರಿಯ ಮಾತ್ರೆಗಳನ್ನು ತಿಂಗಳಲ್ಲಿ ಇಂತಿಷ್ಟು ದಿನವೆಂದು ಕೊಡುತ್ತೇವೆ. ನಿಮ್ಮಂಥವರಿಗೆ ನಾನು ಮೊದಲು ಯೋಚಿಸುವುದು ಲಿವೊನಾರ್‌ಜೆಸ್ಟ್ರೆಲ್ ಹಾರ್ಮೋನಿರುವ ವಂಕಿಯನ್ನು. ವಂಕಿ ಎಂದ ಕೂಡಲೇ ಮಕ್ಕಳಾಗದಂತೆ ಹಾಕಿಸುವುದು, ನನಗೇಕೆ ಎನ್ನುತ್ತಾರೆ. ಇದು ಗರ್ಭಕೋಶದೊಳಗೇ ದಿನವೂ ಹನಿಹನಿಯಾಗಿ ಹಾರ್ಮೋನ್ ಬಿಟ್ಟು ಪದರವನ್ನು ತೆಳುವಾಗಿಡುತ್ತದೆ, ಐದು ವರ್ಷ ಕೆಲಸ ಮಾಡುತ್ತದೆ, ಅಷ್ಟರಲ್ಲಿ ಬಹುತೇಕರ ಮುಟ್ಟು ತಾನಾಗಿಯೇ ನಿಂತಿರುತ್ತದೆ. ಮೊದಲ ಮೂರರಿಂದ ಆರು ತಿಂಗಳು ಆಗಾಗ ಹನಿ ಹನಿ ಕಾಣುವುದುಂಟು, ಅದನ್ನು ಮೊದಲೇ ತಿಳಿಯದವರು ಹೆದರಿ ತೆಗೆಸಿಬಿಡುತ್ತಾರೆ.

ದೊಡ್ಡ ಫೈಬ್ರಾಯ್ಡ್ ಗಡ್ಡೆಗಳಿದ್ದರೆ, ಬಯಾಪ್ಸಿಯಲ್ಲಿ ದೋಷವಿದ್ದರೆ, ಔಷಧಗಳು ಯಾವುವೂ ಹಿಡಿಯದಿದ್ದರೆ ಗರ್ಭಕೋಶ ತೆಗೆಯುವುದು ಒಳ್ಳೆಯ ಚಿಕಿತ್ಸೆಯೇ. ಆ ಹಂತ ಬಂದರೆ ಎರಡು ಮಾತು ಕೇಳಿ: ಅಂಡಾಶಯಗಳನ್ನು ಉಳಿಸುತ್ತೀರಾ, ತೆಗೆಯುವುದಾದರೆ ಯಾಕೆ? ಸಹಜವಾಗಿ ಮುಟ್ಟು ನಿಲ್ಲುವ ಮೊದಲೇ ಅಂಡಾಶಯಗಳನ್ನು ತೆಗೆದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ಕುಸಿದು, ಮೈ ಬಿಸಿಯೇರುವುದು, ನಿದ್ದೆ ಬಾರದಿರುವುದು, ಮೂಳೆ ಸವೆತ ಎಲ್ಲವೂ ಒಟ್ಟಿಗೆ ಬರುತ್ತವೆ. ನಮ್ಮ ದೇಶದ ಹಳ್ಳಿಗಳಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆಯುತ್ತಿದ್ದ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಗಿ, ಇದನ್ನು ತಡೆಯುವ ಕೇಂದ್ರ ಆರೋಗ್ಯ ಸಚಿವಾಲಯದ 2022ರ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ 2023ರ ಏಪ್ರಿಲ್‌ನಲ್ಲಿ ನ್ಯಾಯಾಲಯ ರಾಜ್ಯಗಳಿಗೆ ಹೇಳಿತು. ಬೇರೊಬ್ಬ ತಜ್ಞರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ನಿಂತಿತೆಂದು ಲೆಕ್ಕ. ಅದಾದ ಮೇಲೆ ಒಂದು ಹನಿ ರಕ್ತ ಕಂಡರೂ ಉದಾಸೀನ ಮಾಡದೆ ತೋರಿಸಬೇಕು.

ಪ್ರಶ್ನೆ: ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹುಡುಗಿಯರ ಮುಟ್ಟು ಏರುಪೇರಾಗುವುದಕ್ಕೆ ಅದೇ ಕಾರಣವೇ?
(ಬಾಗೇಪಲ್ಲಿ)

ಉತ್ತರ: ಫ್ಲೋರೈಡ್ ಹಲ್ಲು ಮತ್ತು ಮೂಳೆಗಳಿಗೆ ಮಾಡುವ ಹಾನಿ ಸಾಬೀತಾಗಿದೆ, ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು. ಶುದ್ಧೀಕರಿಸಿದ ನೀರನ್ನೇ ಕುಡಿಯಿರಿ. ಮುಟ್ಟಿನ ಏರುಪೇರನ್ನು ಮಾತ್ರ ನೀರಿನ ಮೇಲೆ ಹೊರಿಸಿ ಸುಮ್ಮನಾಗಬೇಡಿ. ಹಾಗೆ ಮಾಡಿದರೆ ಒಂದು ಟಿಎಸ್‌ಎಚ್ ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಥೈರಾಯ್ಡ್ ತೊಂದರೆ ವರ್ಷಗಟ್ಟಲೆ ಉಳಿದುಹೋಗುತ್ತದೆ.

ಪ್ರಶ್ನೆ: ನನ್ನ ಹೆಂಡತಿಗೆ 31 ವರ್ಷ, ಮದುವೆಯಾಗಿ ಮೂರು ವರ್ಷ. ಅವಳಿಗೆ 50-60 ದಿನಕ್ಕೊಮ್ಮೆ ಮುಟ್ಟು, ಗಲ್ಲದಲ್ಲಿ ಕೂದಲಿದೆ, ತೂಕ 74 ಕೆ.ಜಿ. ಪಿಸಿಓಎಸ್ ಎಂದಿದ್ದಾರೆ. ಮೊಬೈಲ್ ಆ್ಯಪ್ ತೋರಿಸುವ ದಿನಗಳನ್ನೇ ನಂಬಿ ಪ್ರಯತ್ನಿಸುತ್ತಿದ್ದೇವೆ. ಎಷ್ಟು ದಿನ ಕಾಯಬೇಕು?
(ಗೌರಿಬಿದನೂರು)

ಉತ್ತರ: ಕಾಯಬೇಡಿ. ಮುಟ್ಟು ಸರಿಯಾಗಿ ಬರುವವರಿಗೆ, ವಯಸ್ಸು 35ರೊಳಗಿದ್ದರೆ, ಒಂದು ವರ್ಷ ಪ್ರಯತ್ನಿಸಿ ಎನ್ನುತ್ತೇವೆ. 50-60 ದಿನದ ಚಕ್ರದವರಿಗೆ ಆ ಲೆಕ್ಕ ಹೊಂದುವುದಿಲ್ಲ, ವರ್ಷಕ್ಕೆ ಆರೇಳು ಅಂಡಾಣು ಬಂದರೆ ಹೆಚ್ಚು. ಆ್ಯಪ್ ಹಿಂದಿನ ತಾರೀಖುಗಳ ಸರಾಸರಿ ಹಿಡಿದು ಊಹಿಸುತ್ತದೆ. ಚಕ್ರವೇ ಹೀಗೆ ಬದಲಾಗುವಾಗ ಅದು ತೋರಿಸುವ ದಿನಕ್ಕೂ ಅಂಡಾಣುವಿಗೂ ಸಂಬಂಧವಿರುವುದಿಲ್ಲ. ಅಂಡಾಣು ಬದುಕುವುದು 12ರಿಂದ 24 ಗಂಟೆ, ವೀರ್ಯಾಣು ಐದು ದಿನದವರೆಗೆ. ಹಾಗಾಗಿ ಒಂದು ದಿನವನ್ನು ಗುರಿ ಇಡುವುದಕ್ಕಿಂತ ಎರಡು ಮೂರು ದಿನಕ್ಕೊಮ್ಮೆ ಕೂಡುವುದು ಮೇಲು.

ವಯಸ್ಕರಲ್ಲಿ ಪಿಸಿಓಎಸ್ ಎನ್ನಲು ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಹೆಚ್ಚಳ, ಸ್ಕ್ಯಾನಿಂಗ್ ಅಥವಾ ಎಎಂಎಚ್, ಈ ಮೂರರಲ್ಲಿ ಎರಡು ಇರಬೇಕು, ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ದೋಷ ಇಲ್ಲವೆಂದೂ ಖಚಿತವಾಗಿರಬೇಕು. ನಿಮ್ಮ ಹೆಂಡತಿಯ ವಿಷಯದಲ್ಲಿ ಅದು ಸರಿಯಿರುವಂತಿದೆ. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ, ಎಂದರೆ ನಾಲ್ಕರಿಂದ ಏಳು ಕೆ.ಜಿ. ಇಳಿದರೆ ಎಷ್ಟೋ ಜನರಲ್ಲಿ ಅಂಡಾಣು ತಾನಾಗಿ ಬರತೊಡಗುತ್ತದೆ. ಇಳಿಸುವುದು ಅವರೊಬ್ಬರ ಕೆಲಸವಲ್ಲ. ಮನೆಯ ಎಣ್ಣೆ ಸಕ್ಕರೆ ಎಲ್ಲರಿಗೂ ಕಡಿಮೆಯಾಗಬೇಕು, ಸಂಜೆ ನೀವೂ ಜೊತೆಯಲ್ಲಿ ನಡೆಯಬೇಕು. ಅಂಡಾಣು ಬರಿಸಲು ಮೊದಲು ಕೊಡುವ ಔಷಧ ಲೆಟ್ರೊಜೋಲ್, ಅದನ್ನು ಸ್ಕ್ಯಾನಿಂಗಿನಲ್ಲಿ ನೋಡಿಕೊಳ್ಳುತ್ತಾ ತಜ್ಞರೇ ಕೊಡಬೇಕು. ಉಪವಾಸದ ಸಕ್ಕರೆ, ಊಟದ ನಂತರದ ಸಕ್ಕರೆ ನೋಡಿಸಿ, ಫೋಲಿಕ್ ಆಸಿಡ್ ಈಗಿನಿಂದಲೇ ಶುರುವಾಗಲಿ. 90 ದಿನ ಮೀರಿ ಮುಟ್ಟಾಗದಿದ್ದರೆ, ಗರ್ಭವಿಲ್ಲವೆಂದು ನೋಡಿಕೊಂಡು, ಒಳಪದರದ ರಕ್ಷಣೆಗಾಗಿ ಮುಟ್ಟು ತರಿಸಬೇಕಾಗುತ್ತದೆ.

ಅವರಿಗೆ ಈವರೆಗೆ ಮೂರು ಸ್ಕ್ಯಾನಿಂಗ್, ಎರಡು ಸಲ ರಕ್ತಪರೀಕ್ಷೆ ಆಗಿದೆ ಎಂದು ಬರೆದಿದ್ದೀರಿ; ನಿಮ್ಮ ಪರೀಕ್ಷೆಯ ವಿಷಯ ಪತ್ರದಲ್ಲೆಲ್ಲೂ ಇಲ್ಲ. ಲೆಟ್ರೊಜೋಲ್ ಶುರುವಾಗುವ ಮೊದಲೇ ನೀವು ವೀರ್ಯ ಪರೀಕ್ಷೆ ಮಾಡಿಸಿರಬೇಕು. ಖರ್ಚು ಕಡಿಮೆ, ಸೂಜಿಯೂ ಇಲ್ಲ; ಎರಡರಿಂದ ಏಳು ದಿನ ಸಂಯಮದಿಂದಿದ್ದು ಲ್ಯಾಬಿಗೆ ಹೋದರೆ ಸಾಮಾನ್ಯವಾಗಿ ಒಂದೆರಡು ದಿನದೊಳಗೆ ವರದಿ ಸಿಗುತ್ತದೆ, ಮುಂದಿನ ಭೇಟಿಗೆ ಅದನ್ನು ಇಬ್ಬರೂ ಒಟ್ಟಿಗೆ ತೆಗೆದುಕೊಂಡು ಹೋಗಿ.